ಪಂಜರದ ಬಾಗಿಲು, ತೆಂಗಿನ ಪೊಟರೆ

ನೀರ್ಚಾಲಿನ ಓದುಗರೊಬ್ಬರ ಪತ್ರ: “ಲಂಡನ್ನಿನಿಂದ ಮಗ ಫೋಟೋ ಕಳಿಸಿದ್ದಾನೆ. ಹಿಮ ಬಿದ್ದ ಕೊಂಬೆಯಲ್ಲಿ ನಮ್ಮೂರಿನದೇ ಗಿಳಿ! ಸಾಕಿದವು ತಪ್ಪಿಸಿಕೊಂಡು ಅಲ್ಲೇ ಸಂಸಾರ ಹೂಡಿವೆಯಂತೆ. ಹಾಗಾದರೆ ನಮ್ಮ ಸನ್ ಕನ್ಯೂರ್ (ದಕ್ಷಿಣ ಅಮೆರಿಕದ ಹಳದಿ ಗಿಳಿ) ಜೋಡಿಯನ್ನು ತೋಟಕ್ಕೆ ಬಿಟ್ಟರೆ ಬದುಕಲಾರವೇ? ಪಂಜರ ನೋಡುವಾಗ ಸಂಕಟವಾಗುತ್ತದೆ. ಮಂಡೆ ಹೋದ ಎರಡು ತೆಂಗು ಕಡಿಸಲಿಕ್ಕುಂಟು, ಅದಾದ ಮೇಲೆ ಬಿಡುವ ಎಂದಿದ್ದೇವೆ.”

ಸಂಪಾದಕರ ಉತ್ತರ: ನಿಮ್ಮ ಸಂಕಟ ದೊಡ್ಡ ಮನಸ್ಸಿನದು. ಆದರೂ ಬಾಗಿಲು ತೆಗೆಯಬೇಡಿ.

ಯುರೋಪಿನ ಗಿಳಿಗಳ ಮೂಲ ಹೆಚ್ಚಾಗಿ ಪಾಕಿಸ್ತಾನ ಮತ್ತು ಉತ್ತರ ಭಾರತ. ಹಿಮಾಲಯದ ತಪ್ಪಲಿನ ಚಳಿ ಕಂಡ ಕುಲಕ್ಕೆ ಲಂಡನ್ನಿನ ಚಳಿ ಹೊಸದಲ್ಲ. ಅಲ್ಲಿನ ಹಿತ್ತಿಲುಗಳಲ್ಲಿ ಚಳಿಗಾಲವಿಡೀ ಹಕ್ಕಿಗಳಿಗೆಂದು ನೆಲಗಡಲೆ, ಸೂರ್ಯಕಾಂತಿ ಬೀಜ ತೂಗಿಸಿಡುತ್ತಾರೆ. ಉದ್ಯಾನಗಳಲ್ಲಿ ಪೊಟರೆಯಿರುವ ಹಳೇ ಮರಗಳಿವೆ. ಮೇಲಾಗಿ ಬಿಡುಗಡೆಯಾದದ್ದು ಒಂದು ಜೋಡಿಯಲ್ಲ. ಬ್ರಸೆಲ್ಸಿನಲ್ಲಿ 1974ರಲ್ಲಿ ಒಂದು ಮನರಂಜನಾ ಉದ್ಯಾನದಿಂದ ಸುಮಾರು 40 ಗಿಳಿಗಳನ್ನು ಒಟ್ಟಿಗೇ ಬಿಟ್ಟಿದ್ದರು. ನ್ಯೂಯಾರ್ಕ್, ಬಾರ್ಸಿಲೋನಾಗಳಲ್ಲಿ ನೆಲೆಸಿದ ಮಾಂಕ್ ಗಿಳಿಗೆ ಪೊಟರೆಯೂ ಬೇಡ. ಕಡ್ಡಿ ಪೇರಿಸಿ ವಿದ್ಯುತ್ ಕಂಬದ ಮೇಲೇ ಗೂಡು ಕಟ್ಟುತ್ತದೆ.

ನಿಮ್ಮ ಕನ್ಯೂರಿಗೆ ನಮ್ಮ ಹವೆ ಒಗ್ಗೀತು, ಅಷ್ಟು ಒಪ್ಪುತ್ತೇನೆ. ಆದರೆ ಕೈತುತ್ತು ತಿಂದು ಬೆಳೆದ ಹಕ್ಕಿಗೆ ಬಿಜ್ಜು ಎಂಬ ಗಿಡುಗನ ನೆರಳು ಕಂಡರೆ ಅಡಗಬೇಕೆಂಬುದೇ ಗೊತ್ತಿಲ್ಲ. ಹಸುರು ತೋಟದಲ್ಲಿ ಆ ಹಳದಿ ಮೈ ದೂರಕ್ಕೇ ಕಾಣುತ್ತದೆ. ಬದುಕಿ ಉಳಿದರೂ ಕೊಕ್ಕು-ಗರಿ ಕಾಯಿಲೆಯನ್ನು ಕಾಡಿನ ಗಿಳಿಗಳಿಗೆ ಅಂಟಿಸೀತು. ಜೋಡಿಗೆ ಕನಿಷ್ಠ 6 ಅಡಿ ಉದ್ದದ ಬಲೆಮನೆ ಕಟ್ಟಿಸಿ, ಎರಡು ಬಾಗಿಲಿಡಿ, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿಯೂ ಆಗಬೇಕು. ಅಕಸ್ಮಾತ್ ಒಂದು ಹಾರಿಹೋದರೆ ಕಲ್ಲೆಸೆದು ಎಬ್ಬಿಸಬೇಡಿ. ಮನೆಯಲ್ಲೇ ಬೆಳೆದದ್ದಕ್ಕೆ ಎತ್ತರದಿಂದ ಇಳಿಯುವ ಅಭ್ಯಾಸವಿರುವುದಿಲ್ಲ. ಜೊತೆಗಾರ ಹಕ್ಕಿಯ ಪಂಜರವನ್ನು ತಾರಸಿಯಲ್ಲಿಟ್ಟು, ಪಕ್ಕದಲ್ಲಿ ಬಾಗಿಲು ತೆರೆದ ಖಾಲಿ ಪಂಜರ, ಒಳಗೆ ನವಣೆ ತೆನೆ ಇಡಿ. ಬೆಳಗ್ಗೆ ಹಸಿದಾಗ ಕೂಗಿಗೆ ಕೂಗು ಕೊಡುತ್ತಾ ಇಳಿಯುವುದೇ ಹೆಚ್ಚು.

ನನ್ನನ್ನು ಚುಚ್ಚಿದ್ದು ನೀವು ಕೊನೆಗೆ ಬರೆದ ಆ ಎರಡು ತೆಂಗು. ಗಿಳಿಯ ಮನೆಯೇ ಅದಲ್ಲವೇ! ಮರಕುಟಿಗ ಮೊದಲು ಕೊರೆಯುತ್ತದೆ, ಅದು ಬಿಟ್ಟುಹೋದ ತೂತನ್ನು ಗಿಳಿ ಕೊಕ್ಕಿನಿಂದ ಕೆತ್ತಿ ಅಗಲ ಮಾಡಿ ಮೊಟ್ಟೆಯಿಡುತ್ತದೆ. ಕಾವಿಗೆ ಮೂರು ವಾರ, ಮರಿ ಹಾರಲು ಮತ್ತೆ ಏಳು ವಾರ. ಕೊಳೆತ ಕಾಂಡದಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ಹುಳ ಮರಿ ಮಾಡುತ್ತದೆಂಬ ಕೃಷಿಕರ ಹೆದರಿಕೆ ಸುಳ್ಳಲ್ಲ. ಆದರೆ ಗೊಬ್ಬರದ ಗುಂಡಿ ಅದಕ್ಕಿಂತ ದೊಡ್ಡ ತೊಟ್ಟಿಲು. ಮೊದಲು ಅಲ್ಲಿಗೆ ಆ ಹುಳವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಹಾಕಿ, ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಗುಂಡಿಗೆ ಹೇಳುವುದೂ ಅದನ್ನೇ. ಹೆದ್ದಾರಿ 66 ಆರು ಪಥವಾಗುವಾಗ ಬದಿಯ ಹಳೇ ಮರಗಳು ಹೋದವು. ಗುಡ್ಡಗಳ ರಬ್ಬರು ಪೊಟರೆಯಾಗುವ ಮೊದಲೇ ಕಡಿತಕ್ಕೆ ಬರುತ್ತದೆ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ, ಖಾಲಿಯಿರುವಾಗ ಅದರ ಮನೆ ಉರುಳಿಸಿದರೆ ಕೇಳುವವರಿಲ್ಲ.

ಜನವರಿಯಿಂದ ಏಪ್ರಿಲ್ ತನಕ ಆ ತೆಂಗುಗಳಿಗೆ ಕತ್ತಿ ತಾಗಿಸಬೇಡಿ. ಮನೆಯ ಕಡೆಗೋ ತಂತಿಯ ಕಡೆಗೋ ವಾಲಿದ್ದರೆ ಮಾತ್ರ, ಪೊಟರೆ ಖಾಲಿಯೆಂದು ನೋಡಿಕೊಂಡು, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಕಡಿಸಿ.