ಥರ್ಮೋಸ್ಟಾಟ್ ಬೋಲ್ಟ್ ಒಳಗೇ ಮುರಿದಿದೆ, ಯಾವ ಎಕ್ಸ್‌ಟ್ರಾಕ್ಟರ್ (ಮುರಿದ ಬೋಲ್ಟಿಗೆ ತೂತು ಕೊರೆದು, ಒಳಗೆ ತುರುಕಿ ತಿರುಗಿಸಿ ಕೀಳೋ ಉಪಕರಣ) ಸೆಟ್ ತಗೊಳ್ಳಲಿ?

ಯಾವುದನ್ನೂ ತಗೋಬೇಡಿ.

ಹಳೇ ಮಾರುತಿ, ಥರ್ಮೋಸ್ಟಾಟ್ (ಎಂಜಿನ್ ನೀರಿನ ಬಿಸಿ ಹದದಲ್ಲಿಡೋ ಕವಾಟ) ಹೌಸಿಂಗಿನ ಎರಡು ಬೋಲ್ಟಲ್ಲಿ ಒಂದರ ತಲೆ ಕೈಗೆ ಬಂದಿದೆ, ಮಿಕ್ಕಿದ್ದು ಒಳಗೆ ಕೂತಿದೆ, ಕಾರು ಮಂಡ್ಯದ ಮನೆ ಮುಂದೆ ನಿಂತಿದೆ. ನಿಮ್ಮ ಪ್ರಶ್ನೆಯಲ್ಲಿ ಊರು ಒಂದು ಬಿಟ್ಟು ಮಿಕ್ಕಿದ್ದೆಲ್ಲ ನನ್ನದೇ ಹಳೇ ಕಥೆ. ನಾನು ಮೈಸೂರಿನ ಸಂತೆಪೇಟೆಯಿಂದ ಅಂಥದೇ ಸೆಟ್ ತಂದು, ಅದರ ತುದಿಯನ್ನು ಬೋಲ್ಟಿನೊಳಗೇ ಮುರಿದವನು. ಆಮೇಲೆ ಆದ ಖರ್ಚೆಲ್ಲ ಆ ತುದಿ ತೆಗೆಯೋದಕ್ಕೇ ಹೋಯ್ತು.

ಅದು ಯಾಕೆ ಮುರಿಯುತ್ತೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಪ್ಯಾಕೆಟ್ ಮೇಲೆ ಇದನ್ನು ಯಾರೂ ಬರೆಯಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿದಾಗ 8 ಮಿ.ಮೀ. ದಪ್ಪದ ಬೋಲ್ಟೇ ಅಲುಗಾಡದೆ ಕತ್ತರಿಸಿಹೋಯ್ತು. ಈಗ ಅದರ ನಡುವೆ 4 ಮಿ.ಮೀ. ತೂತು ಕೊರೆದು, ಹೆಚ್ಚುಕಮ್ಮಿ ಅಷ್ಟೇ ದಪ್ಪದ ಎಕ್ಸ್‌ಟ್ರಾಕ್ಟರ್ ತುರುಕಿ, ಮೊದಲಿನಷ್ಟೇ ಬಲ ಹಾಕ್ತೀರಿ. ತಿರುಚುವ ಬಲ ತಡೆಯೋ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇರುತ್ತೆ: ದಪ್ಪ ಅರ್ಧ ಆದ್ರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಎಕ್ಸ್‌ಟ್ರಾಕ್ಟರ್ ಉಕ್ಕು ಬೋಲ್ಟಿಗಿಂತ ಗಟ್ಟಿ, ನಿಜ. ಆದ್ರೆ ಆ ಗಟ್ಟಿತನ ಎಂಟು ಪಟ್ಟಿಲ್ಲ. ಹದ ಏರಿಸಿರೋ ಉಕ್ಕು ಬಗ್ಗಿ ಎಚ್ಚರಿಕೆ ಕೊಡೋದೂ ಇಲ್ಲ, ಪಟ್ ಅಂತ ಹೋಗುತ್ತೆ. ಇದರ ಜೊತೆಗೆ, ತುದಿ ಚೂಪಾಗಿರೋದರಿಂದ ಒಳಗೆ ಹೋದಷ್ಟೂ ಬೋಲ್ಟಿನ ಗೋಡೆಯನ್ನು ಹೊರಕ್ಕೆ ತಳ್ಳುತ್ತೆ. ಮೊದಲೇ ಹಿಡಿದಿರೋ ಥ್ರೆಡ್ ಇನ್ನೂ ಬಿಗಿಯಾಗುತ್ತೆ.

ಒಳಗೆ ಮುರಿದುಳಿದ ಎಕ್ಸ್‌ಟ್ರಾಕ್ಟರ್ ತುದಿಯನ್ನು ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಕೊರೆಯಲ್ಲ. ಬಿಟ್ ಜಾರಿ ಪಕ್ಕದ ಮೆತ್ತನೆ ಅಲ್ಯೂಮಿನಿಯಂ ತಿಂದುಹಾಕುತ್ತೆ. ಉಳಿಯೋದು ಎರಡೇ ದಾರಿ: ಕಾರ್ಬೈಡ್ ಬರ್ (ಉಕ್ಕಿಗಿಂತ ಗಟ್ಟಿಯಾದ ಸಣ್ಣ ತಿರುಗೋ ಅರ) ಹಾಕಿ ಗಂಟೆಗಟ್ಟಲೆ ಸವೆಸೋದು, ಇಲ್ಲಾ ಆ ಭಾಗವನ್ನೇ ಬಿಚ್ಚಿ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಡೈ ಕೆಲಸ ಮಾಡುವವರ ಹತ್ತಿರ ಸ್ಪಾರ್ಕ್ ಎರೋಶನ್‌ಗೆ (ವಿದ್ಯುತ್ ಕಿಡಿಯಿಂದ ಲೋಹ ಸವೆಸೋ ಕೆಲಸ) ಹೊತ್ತುಕೊಂಡು ಹೋಗೋದು. ಎಂಜಿನ್ನಿನ ಸಿಲಿಂಡರ್ ಹೆಡ್ಡೇ ಬಿಚ್ಚಬೇಕಾಗಿ ಬಂದ್ರೆ ಹೆಡ್ ಗ್ಯಾಸ್ಕೆಟ್, ಟೈಮಿಂಗ್, ಎಲ್ಲಾ ತಲೆ ಮೇಲೆ ಬರುತ್ತೆ.

ಎಕ್ಸ್‌ಟ್ರಾಕ್ಟರ್ ಕೆಲಸವೇ ಮಾಡಲ್ಲ ಅಂತಲ್ಲ. ಅತಿಯಾಗಿ ಬಿಗಿಮಾಡಿ ಮುರಿದ ಬೋಲ್ಟಿಗೆ ಆಗುತ್ತೆ, ಅಲ್ಲಿ ಥ್ರೆಡ್ ಸಡಿಲವಾಗೇ ಇರುತ್ತೆ. ಆದ್ರೆ ಅಂಥಾ ಮೋಟು (ಒಳಗೆ ಉಳಿದ ತುಂಡು), ಚೂಪು ಪಂಚಿನಲ್ಲಿ ಅಂಚಿಗೆ ತಟ್ಟಿದರೂ ತಿರುಗಿ ಬರುತ್ತೆ. ಅಂದ್ರೆ ಅದು ಬೇಕಿಲ್ಲದ ಕಡೆ ಮಾತ್ರ ಉಪಯೋಗಕ್ಕೆ ಬರೋ ಸಾಮಾನು.

ನಿಮ್ಮದು ಹಿಡಿದುಕೊಂಡಿರೋ ಬೋಲ್ಟು. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕ್ತಿದ್ದೆ ಅಂತ ನೀವೇ ಬರೆದಿದ್ದೀರಿ. ಉಪ್ಪಿನಂಶದ ನೀರು ನಡುವೆ ಸಿಕ್ಕರೆ ಉಕ್ಕು ಉಳಿದು ಅಲ್ಯೂಮಿನಿಯಂ ಕರಗುತ್ತೆ, ಕರಗಿದ್ದು ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ ಸಂದನ್ನೆಲ್ಲ ತುಂಬುತ್ತೆ. ಮುರಿದ ತುಂಡಿನ ಮೈ ನೋಡಿ, ಸುಣ್ಣದ ಥರ ಅಂಟಿರುತ್ತೆ. ಇದಕ್ಕೆ ತುಕ್ಕು ಬಿಡಿಸೋ ಎಣ್ಣೆ ಒಂದೇ ಸಾಲದು, ಬಿಸಿ ಬೇಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತೆ, ಆ ಎಳೆಯಷ್ಟು ಜಾಗವೇ ನಿಮಗೆ ಬೇಕಾದ್ದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು ಇಳಿಸಿ. ಅದರಲ್ಲಿ ಕೂಲೆಂಟ್ ಬೆರೆತಿದ್ದರೆ ತೆರೆದಿಡಬೇಡಿ, ಸಿಹಿಯಾಗಿರೋ ವಿಷ ಅದು, ದನವೋ ನಾಯಿಯೋ ನೆಕ್ಕಿಬಿಡುತ್ತೆ. ಇನ್ನೊಂದು ಬೋಲ್ಟನ್ನು ಈಗಲೇ ಬಲವಂತ ಮಾಡಬೇಡಿ. ಅದನ್ನೂ ಬಿಸಿ ಮಾಡಿಯೇ ಬಿಚ್ಚಬೇಕು, ಅದರ ವಿಷಯ ಕೊನೆಗೆ ಹೇಳ್ತೀನಿ. ಹೌಸಿಂಗ್ ತೆಗೆದರೆ ಅರ್ಧ ಸಮಸ್ಯೆ ಕಣ್ಣಿಗೆ ಬೀಳುತ್ತೆ: ಎಷ್ಟೋ ಸಲ ಬೋಲ್ಟು ಹೌಸಿಂಗಿನ ತೂತಿನೊಳಗೆ ಮುರಿದಿರುತ್ತೆ, ಹೌಸಿಂಗ್ ಈಚೆ ಬಂದಮೇಲೆ 5-10 ಮಿ.ಮೀ. ಮೋಟು ನಿಂತಿರುತ್ತೆ. ಥರ್ಮೋಸ್ಟಾಟ್ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲಿರೋ ಎಂಜಿನ್ ಆದ್ರೆ ಮ್ಯಾನಿಫೋಲ್ಡನ್ನೇ ಬಿಚ್ಚಿ ಟೇಬಲ್ಲಿನ ಮೇಲಿಟ್ಟು ಕೆಲಸ ಮಾಡಿ. ಬಾನೆಟ್ಟಿನೊಳಗೆ ಬಗ್ಗಿ ಮಾಡೋದಕ್ಕಿಂತ ಸಾವಿರ ಪಾಲು ವಾಸಿ.

ಮೋಟು ನಿಂತಿದ್ದರೆ ಅರದಿಂದ ಎರಡು ಬದಿ ಚಪ್ಪಟೆ ಮಾಡಿ ಗ್ರಿಪ್ ಪ್ಲೈಯರ್ ಕಚ್ಚಿಸಿ. ಅದಕ್ಕೆ ಮುಂಚೆ ಥರ್ಮೋಸ್ಟಾಟ್, ರಬ್ಬರ್ ಹೋಸ್, ಸೆನ್ಸರ್ ಎಲ್ಲ ದೂರ ತೆಗೆದು, ಪೆಟ್ರೋಲ್ ಪೈಪ್ ಹತ್ತಿರ ಇಲ್ಲ ಅಂತ ನೋಡಿಕೊಂಡು, ಹ್ಯಾಂಡ್ ಟಾರ್ಚಿನಿಂದ ಸುತ್ತಲಿನ ಅಲ್ಯೂಮಿನಿಯಂಗೆ ಬಿಸಿ ಕೊಡಿ, ಬೋಲ್ಟಿಗಲ್ಲ. ನೀರಿನ ಹನಿ ಬಿದ್ದರೆ ಚುರ್ ಅಂತ ಹಾರಿಹೋಗಬೇಕು, ಅಷ್ಟು ಸಾಕು. ಅಲ್ಯೂಮಿನಿಯಂ ಕೆಂಪಗಾಗಲ್ಲ, ಬಣ್ಣ ನೋಡ್ತಾ ಕೂತರೆ ನೇರ ಕರಗಿ ಇಳಿಯುತ್ತೆ. ಬಿಸಿ ಇರುವಾಗಲೇ ಮೇಣದಬತ್ತಿ ಬುಡಕ್ಕೆ ಒತ್ತಿ, ಮೇಣ ಥ್ರೆಡ್ ಒಳಗೆ ಹೀರಿಕೊಳ್ಳುತ್ತೆ. ಆಮೇಲೆ ಒಂದೇ ಕಡೆ ತಿರುಗಿಸಬೇಡಿ: ಬಿಚ್ಚೋ ಕಡೆ ಒಂದು ಎಳೆ, ಬಿಗಿಯೋ ಕಡೆ ಒಂದು ಎಳೆ. ಕಿರ್ರ್ ಅಂತ ಸದ್ದು ಬಂದರೆ ಒಳ್ಳೆ ಲಕ್ಷಣ.

ಮೋಟು ಮಟ್ಟಕ್ಕೇ ಮುರಿದಿದ್ದರೆ ನನ್ನ ಆಯ್ಕೆ ನಟ್ ವೆಲ್ಡಿಂಗ್. ಮಿಗ್ (ತಂತಿ ತಾನೇ ಊಡಿಸೋ ವೆಲ್ಡಿಂಗ್) ಮೆಷಿನ್ ಇರೋ ವೆಲ್ಡರ್‌ನ ಮನೆಗೇ ಕರೆಸಿ. ಬ್ಯಾಟರಿ ಎರಡೂ ವಯರ್ ಬಿಚ್ಚಿ, ಅರ್ತ್ ಕ್ಲಾಂಪನ್ನು ಮೋಟು ಇರೋ ಭಾಗಕ್ಕೇ ಹಾಕಿಸಿ. ಎಂ8 (8 ಮಿ.ಮೀ. ಬೋಲ್ಟಿನ ಅಳತೆ) ನಟ್ಟಿನ ಜಿಂಕ್ ಲೇಪ ಅರದಿಂದ ಉಜ್ಜಿ ತೆಗೀಬೇಕು, ಅದರ ಹೊಗೆ ಕೆಟ್ಟದ್ದು. ನಟ್ಟನ್ನು ಮೋಟಿನ ಮೇಲಿಟ್ಟು ತೂತಿನೊಳಗಿಂದ ವೆಲ್ಡ್ ತುಂಬಿಸಿ. ಉಕ್ಕು ಅಲ್ಯೂಮಿನಿಯಂಗೆ ಅಂಟಲ್ಲ, ಹೆದರಬೇಡಿ. ಕೆಂಪು ಆರಿ ಒಂದೆರಡು ನಿಮಿಷ ಬಿಟ್ಟು, ಮೇಣ ಕೊಟ್ಟು, 13ರ ಸ್ಪ್ಯಾನರಲ್ಲಿ ಹಿಂದೆ ಮುಂದೆ ಆಡಿಸಿ. ನಟ್ ಕಿತ್ತು ಬಂದರೆ ಇನ್ನೊಂದು ಹಾಕಿಸಿ. ಪ್ರತಿ ಸಲದ ಬಿಸಿಯೂ ಹಿಡಿತ ಸಡಿಲ ಮಾಡುತ್ತೆ.

ಮೋಟು ತೀರ ಒಳಗಿದ್ದರೆ ಮಾತ್ರ ಡ್ರಿಲ್. ಇಲ್ಲಿ ಕೈಯಳತೆ ನಂಬಬೇಡಿ, ಉಕ್ಕಿನಿಂದ ಬಿಟ್ ಯಾವಾಗಲೂ ಅಲ್ಯೂಮಿನಿಯಂ ಕಡೆಗೇ ಓಡುತ್ತೆ. ಹೌಸಿಂಗನ್ನು ಲೇತ್ ಅಂಗಡಿಗೆ ಕೊಟ್ಟು, ಅದರ ಬೋಲ್ಟ್ ತೂತಿಗೆ ಸರಿಯಾಗಿ ಕೂರುವ, ನಡುವೆ 3 ಮಿ.ಮೀ. ತೂತಿರುವ ಉಕ್ಕಿನ ಬುಷ್ ಮಾಡಿಸಿ. ಹೌಸಿಂಗನ್ನು ಇನ್ನೊಂದು ಬೋಲ್ಟಲ್ಲಿ ವಾಪಸ್ ಕೂರಿಸಿ ಬುಷ್ ಮೂಲಕ ಕೊರೆದರೆ ಬಿಟ್ ನಡುವೇ ಇಳಿಯುತ್ತೆ. ಎಷ್ಟು ಆಳ? ಇನ್ನೊಂದು ಬೋಲ್ಟೂ ಅಷ್ಟೇ ಉದ್ದ ಇದ್ದರೆ, ಅದರಿಂದ ಮುರಿದ ತುಂಡಿನ ಉದ್ದ ಕಳೆಯಿರಿ, ಅದೇ ಮೋಟಿನ ಉದ್ದ. ಬುಷ್ಷಿನ ಉದ್ದ, ಮೋಟು ಎಷ್ಟು ಒಳಗಿದೆ ಅನ್ನೋದು ಎರಡನ್ನೂ ಅದಕ್ಕೆ ಸೇರಿಸಿ ಬಿಟ್ಟಿಗೆ ಟೇಪ್ ಸುತ್ತಿ, ಆಚೆಗೆ ಹೋದರೆ ವಾಟರ್ ಜಾಕೆಟ್ (ಎಂಜಿನ್ ಒಳಗಿನ ನೀರಿನ ದಾರಿ) ತೂತಾಗಬಹುದು. 3ರ ನಂತರ ಬುಷ್ ತೆಗೆದು 5, ಆಮೇಲೆ 6.5. ನಿಧಾನ ವೇಗ, ಧಾರಾಳ ಎಣ್ಣೆ, ಕಣ್ಣಿಗೆ ಕನ್ನಡಕ, ನೀರಿನ ದಾರಿಗೆ ಬಟ್ಟೆ. ಉಲ್ಟಾ ತಿರುಗೋ ಎಡಗೈ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಬಳಸಿ, ಕೊರೆಯುತ್ತಲೇ ಮೋಟು ಬಿಚ್ಚಿ ಬರೋದುಂಟು. ಎಂ8ಕ್ಕೆ ಟ್ಯಾಪ್ (ಥ್ರೆಡ್ ಕೊರೆಯೋ ಉಪಕರಣ) ಹಾಕೋ ಮುಂಚಿನ ಡ್ರಿಲ್ 6.8, ಆದ್ದರಿಂದ 6.5ಕ್ಕೆ ನಿಲ್ಲಿಸಿದರೆ ತೆಳ್ಳನೆ ಗೋಡೆ ಉಳಿಯುತ್ತೆ. ಅದನ್ನು ಚೂಪು ಸೂಜಿಯಿಂದ ಒಳಕ್ಕೆ ಮಡಚಿದರೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಬರುತ್ತೆ. ಕೊನೆಗೆ ಎಂ8, ಪಿಚ್ 1.25ರ ಟ್ಯಾಪ್ ಕೈಯಲ್ಲೇ ಇಳಿಸಿ. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರೋ ತಂತಿ ಸುರುಳಿ) ಹಾಕಿ. ಅದೇನೂ ಸೋಲಲ್ಲ, ಅಲ್ಯೂಮಿನಿಯಂನಲ್ಲಿ ಅಸಲಿ ಥ್ರೆಡ್ಡಿಗಿಂತ ಗಟ್ಟಿ ನಿಲ್ಲುತ್ತೆ.

ಟ್ಯಾಪ್ ತರೋ ಮುಂಚೆ ಅಳತೆ ಖಚಿತ ಮಾಡಿಕೊಳ್ಳಿ. ಈ ಕಾರುಗಳಲ್ಲಿ 12ರ ಸ್ಪ್ಯಾನರ್ ಕೂರೋ ಬೋಲ್ಟ್ ಸಾಮಾನ್ಯವಾಗಿ ಎಂ8, 10ರದ್ದು ಎಂ6. ಹಾರ್ಡ್‌ವೇರ್ ಅಂಗಡಿಯ ಎಂ8ಕ್ಕೆ ತಲೆ 13 ಇರುತ್ತೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಇನ್ನು ಆ ಎರಡನೇ ಬೋಲ್ಟು. ಅದೂ ಅದೇ ನೀರು ಕುಡಿದದ್ದೇ. ಬಿಸಿ ಮಾಡಿ, ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಏಟು ಕೊಟ್ಟು, ಆಮೇಲೆ ತಿರುಗಿಸಿ. ಸ್ಪ್ಯಾನರ್ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ಬಂದರೆ ತಕ್ಷಣ ನಿಲ್ಲಿಸಿ. ಅಲ್ಲಿ ಥ್ರೆಡ್ ಬಿಡ್ತಿಲ್ಲ, ಬೋಲ್ಟೇ ತಿರುಚಿಕೊಳ್ತಿದೆ. ವಾಪಸ್ ಬಿಗಿಯೋ ಕಡೆ ಸ್ವಲ್ಪ ತಿರುಗಿಸಿ, ಮತ್ತೆ ಬಿಸಿ, ಮತ್ತೆ ಮೇಣ. ಜೋಡಿಸುವಾಗ ಎರಡೂ ಹೊಸ 8.8 ಗ್ರೇಡ್ ಬೋಲ್ಟು, ಥ್ರೆಡ್ಡಿಗೆ ತೆಳ್ಳಗೆ ಆಂಟಿ-ಸೀಜ್ (ಮತ್ತೆ ಹಿಡಿಯದ ಹಾಗೆ ಹಚ್ಚೋ ಪೇಸ್ಟ್), ಹೊಸ ಗ್ಯಾಸ್ಕೆಟ್. ಟಾರ್ಕ್ ಮ್ಯಾನ್ಯುಯಲ್ ನೋಡಿ ಹಾಕಿ, ಪೇಸ್ಟ್ ಹಚ್ಚಿದ್ದರೆ ಅದಕ್ಕಿಂತ ಸ್ವಲ್ಪ ಕಮ್ಮಿ. ರೇಡಿಯೇಟರಿಗೆ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್ ನೀರು ಗಿಡಕ್ಕೆ ಹಾಕಿ.