ಹುಲಿ ಕಾಣದಿದ್ದರೆ ಸಫಾರಿ ದಂಡವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಸಫಾರಿಗೆ ಹೋಗಿ ಬಂದವರ ಪತ್ರಗಳು ಈ ಸಲ ಜಾಸ್ತಿ ಇವೆ. ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು, ಇನ್ನು ಕೆಲವರಿಗೆ ಹೋಗುವ ಮೊದಲೇ ಗಾಬರಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಹುಲಿ ನೋಡಲೆಂದೇ ಅಷ್ಟು ದೂರ ಹೋದೆವು. ಬೆಳಗ್ಗೆ, ಸಂಜೆ ಎರಡೂ ಹೊತ್ತು ಸುತ್ತಿದರೂ ಕಾಣಲಿಲ್ಲ. ಇನ್ನೊಂದು ಜೀಪಿನವರಿಗೆ ಕಂಡಿತಂತೆ. ನಮ್ಮ ಗೈಡ್‌ಗೆ ಅನುಭವ ಸಾಲದೆ ಹೀಗಾಯ್ತಾ?

ಉತ್ತರ: ಗೈಡ್ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹುಲಿ ಒಂಟಿಯಾಗಿ ತಿರುಗುವ ಪ್ರಾಣಿ. ಒಂದೊಂದು ಹುಲಿಯ ಓಡಾಟವೂ ಹತ್ತಾರು ಚದರ ಕಿಲೋಮೀಟರ್‌ಗಳಲ್ಲಿ ಹರಡಿರುತ್ತದೆ. ಅದು ಹೆಚ್ಚಾಗಿ ಎದ್ದು ಓಡಾಡೋದು ಮುಸ್ಸಂಜೆಯಿಂದ ನಸುಕಿನವರೆಗೆ. ನಿಮ್ಮ ಜೀಪು ಹೋಗುವುದಾದರೂ ಎಷ್ಟು ಜಾಗಕ್ಕೆ? 2012ರಲ್ಲಿ ಬಂದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ಭಾರತದ ಹುಲಿ ಕಾಡುಗಳ ಕೋರ್ ಪ್ರದೇಶದಲ್ಲಿ (ಹೆಚ್ಚು ರಕ್ಷಣೆ ಇರುವ ಒಳಭಾಗದಲ್ಲಿ) ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಿಡುವಂತಿಲ್ಲ. ಉಳಿದದ್ದು ಪ್ರಾಣಿಗಳಿಗೇ ಇರಲಿ ಅಂತ. ಅದು ಸರಿಯೂ ಹೌದು.

ಹಾಗಾದರೆ ಗೈಡ್‌ಗಳು ಹುಲಿಯನ್ನು ಹುಡುಕೋದು ಹೇಗೆ? ಹೆಚ್ಚಿನ ಸಲ ಕಣ್ಣಿಂದಲ್ಲ, ಕಿವಿಯಿಂದ. ಚುಕ್ಕಿ ಜಿಂಕೆ ಕೂಗಿದರೆ ಒಂದು ಕ್ಷಣ ನಿಲ್ಲಿಸುತ್ತಾರೆ, ಆದರೆ ಅದು ಪೂರ್ತಿ ನಂಬುವಂಥ ಕೂಗಲ್ಲ, ಎಲೆ ಅಲುಗಿದರೂ ಬೆಚ್ಚಿ ಕೂಗಿಬಿಡುತ್ತದೆ. ಕಡವೆ ಹಾಗಲ್ಲ. ಅದು ಬಿಟ್ಟು ಬಿಟ್ಟು ಗಟ್ಟಿಯಾಗಿ ಕೂಗುತ್ತಲೇ ಇದ್ದರೆ ಅಲ್ಲಿ ಹುಲಿಯೋ ಚಿರತೆಯೋ ಇದೆ ಎಂದೇ ಲೆಕ್ಕ. ಮರದ ತುದಿಯಲ್ಲಿ ಕೂತ ಮುಸುವ ಕೆಮ್ಮಿದ ಹಾಗೆ ಕೂಗುತ್ತಾ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ನೀವೂ ಅತ್ತ ಕಡೆ ನೋಡಿ. ಇನ್ನು ದೂಳಿನ ದಾರಿಯಲ್ಲಿ ಹೆಜ್ಜೆ ಗುರುತು. ಅದರ ಅಂಚು ಚೂಪಾಗಿದೆಯಾ, ಅದರ ಮೇಲೆ ಜೀಪಿನ ಚಕ್ರ ಹಾದಿದೆಯಾ ಅನ್ನೋದರ ಮೇಲೆ ಹುಲಿ ಎಷ್ಟು ಹೊತ್ತಿನ ಹಿಂದೆ ನಡೆದುಹೋಗಿದೆ ಅಂತ ಅಂದಾಜು ಮಾಡುತ್ತಾರೆ. ಇಂಜಿನ್ ಆಫ್ ಮಾಡಿ ಸುಮ್ನೆ ಕೂತ ಆ ಹತ್ತು ನಿಮಿಷ ಇದೆಯಲ್ಲ, ನನ್ನ ಮಟ್ಟಿಗೆ ಸಫಾರಿ ಅಂದರೆ ಅದೇ. ಆಗಲೇ ನಮ್ಮ ಜೀಪಿನಲ್ಲಿ ಯಾರಾದರೂ ಚಿಪ್ಸ್ ಪೊಟ್ಟಣ ಒಡೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮುಂದಿನ ಸಲ ಹೊರಡುವ ಮೊದಲೇ ಗೈಡ್‌ಗೆ ಹೇಳಿಬಿಡಿ, 'ಹುಲಿ ಸಿಗದಿದ್ದರೂ ಪರವಾಗಿಲ್ಲ, ಕಾಡು ತೋರಿಸಿ' ಅಂತ. ಅವರ ಮುಖ ಅರಳೋದನ್ನು ನೋಡಿ. ಹುಲಿ ತೋರಿಸಲೇಬೇಕು ಅನ್ನೋ ಒತ್ತಡ ಇದ್ದರೆ ಸುದ್ದಿ ಬಂದ ಕಡೆಗೆಲ್ಲ ಗಾಡಿ ಓಡಿಸುತ್ತಾರೆ, ದಾರಿಯಲ್ಲಿ ಸೀಳುನಾಯಿ ಗುಂಪೇ ಕೂತಿದ್ದರೂ ಗಮನಿಸದೆ ದಾಟಿಬಿಡುತ್ತಾರೆ. ಸೀಳುನಾಯಿ ಕಾಣೋದು ಹುಲಿ ಕಂಡಷ್ಟೇ ದೊಡ್ಡ ಭಾಗ್ಯ.

ಪ್ರಶ್ನೆ: ಕೀನ್ಯಾದ ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್‌ಗಳು (ದನದಂಥ ದೊಡ್ಡ ಹುಲ್ಲೆಗಳು) ನದಿ ದಾಟೋದನ್ನು ನೋಡಬೇಕು. ಯಾವ ತಾರೀಕಿಗೆ ಹೋದರೆ ಖಂಡಿತ ಸಿಗುತ್ತೆ?

ಉತ್ತರ: ಅಂಥ ತಾರೀಕು ಇಲ್ಲ. ಯಾರಾದರೂ ಖಂಡಿತ ಅಂದರೆ ಅವರನ್ನು ನಂಬಬೇಡಿ. ಹತ್ತು ಲಕ್ಷಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್‌ಗಳು ಟಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಾರಾ ನಡುವೆ ಮಳೆ, ಹುಲ್ಲು ನೋಡಿಕೊಂಡು ವರ್ಷವಿಡೀ ಸುತ್ತುತ್ತವೆ. ಮಾರಾ ನದಿ ದಾಟುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್ ನಡುವೆ. ಮಳೆ ಹಿಂದೆ ಮುಂದೆ ಆದರೆ ಇದೂ ಹಿಂದೆ ಮುಂದೆ. ಹಿಂಡು ದಡಕ್ಕೆ ಬಂದು ಗಂಟೆಗಟ್ಟಲೆ ನಿಂತು ವಾಪಸ್ ಹೋಗೋದೂ ಉಂಟು. ನದಿ ಸಿಗದಿದ್ದರೆ ಕರು ಹಾಕುವ ಕಾಲಕ್ಕೆ ಹೋಗಿ. ಸುಮಾರು ಜನವರಿಯಿಂದ ಮಾರ್ಚ್, ಸೆರೆಂಗೆಟಿಯ ದಕ್ಷಿಣದ ಬಯಲಲ್ಲಿ. ಹುಟ್ಟಿದ ಕರು ನಿಮಿಷಗಳಲ್ಲಿ ಎದ್ದು ತಾಯಿ ಹಿಂದೆ ಹೆಜ್ಜೆ ಹಾಕೋದನ್ನು ನೋಡಿದವರು ನದಿಯ ಚಿಂತೆ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಆಫ್ರಿಕಾದ ಒಂದು ಪಾರ್ಕಿನಲ್ಲಿ ಒಂದು ಚೀತಾದ ಸುತ್ತ ಇಪ್ಪತ್ತಕ್ಕೂ ಹೆಚ್ಚು ಗಾಡಿಗಳು ನಿಂತಿದ್ದವು. ಅದರ ಜೊತೆ ಮರಿಗಳೂ ಇದ್ದವು. ನಮ್ಮ ಡ್ರೈವರ್ ಕೂಡ ಒಳಗೆ ನುಗ್ಗಿಸಿದರು. ಒಳ್ಳೆ ಫೋಟೋ ಸಿಕ್ಕಿತು, ಆದರೆ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ನಾವೇನು ಮಾಡಬೇಕಿತ್ತು?

ಉತ್ತರ: ನಿಮಗೆ ಹಾಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಚೀತಾ ಹೆಚ್ಚಾಗಿ ಹಗಲಲ್ಲೇ ಬೇಟೆಯಾಡುತ್ತದೆ, ಅಂದರೆ ನಾವು ಗಾಡಿಯಲ್ಲಿ ತಿರುಗುವ ಹೊತ್ತಿಗೇ. ಬಯಲಲ್ಲಿ ದೂರದಿಂದ ಹೊಂಚು ಹಾಕಿ ಓಡಬೇಕು. ನಡುವೆ ಗಾಡಿ ಅಡ್ಡ ಬಂದರೆ ಬೇಟೆ ತಪ್ಪಿತು, ಮರಿಗಳಿಗೆ ಆ ದಿನ ಉಪವಾಸ. ಇದು ಬರೀ ಕರುಣೆಯ ಮಾತಲ್ಲ. ಮಸಾಯಿ ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದು ನೋಡಿತು. ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾಗಳು ಒಂದು ಸೂಲಿನಲ್ಲಿ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ಸಾಕಿ ದೊಡ್ಡದು ಮಾಡಿದವು. ಪ್ರವಾಸಿಗರು ಜಾಸ್ತಿ ಇರುವ ಕಡೆ ಆ ಸರಾಸರಿ 0.2ರ ಆಸುಪಾಸು. ಅಂದರೆ ಐದು ಸೂಲು ಸೇರಿ ಒಂದು ಮರಿ! ಗಾಡಿಗಳು ನೇರವಾಗಿ ಮರಿಗಳನ್ನು ಕೊಂದವು ಅಂತ ಅರ್ಥವಲ್ಲ. ತಾಯಿಯ ಹೊಟ್ಟೆ, ಗಮನ, ನೆಮ್ಮದಿ ಎಲ್ಲಕ್ಕೂ ಪೆಟ್ಟು ಬಿದ್ದರೆ ಮರಿ ಉಳಿಯೋದು ಕಷ್ಟ ಅಂತ.

ಮಾರಾದಲ್ಲಿ ಒಂದು ಪ್ರಾಣಿಯ ಬಳಿ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲಬಾರದು ಅನ್ನೋ ನಿಯಮ ಇದೆ. ಆದರೆ ನಿಯಮ ಮುರಿಯುವ ಡ್ರೈವರ್‌ಗಳನ್ನಷ್ಟೇ ಬೈದರೆ ಆಗಲ್ಲ. ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ ಅನ್ನುವವರು ಹಿಂದೆ ಕೂತ ನಾವೇ ಅಲ್ವಾ? ಹತ್ತಿರ ಹೋದರೆ ಟಿಪ್ಸ್ ಜಾಸ್ತಿ ಅಂತ ಅವರಿಗೆ ಕಲಿಸಿದವರೂ ಪ್ರವಾಸಿಗರೇ. ಹಾಗಾಗಿ ಬಾಯಿ ಬಿಟ್ಟು ಹೇಳಿ: 'ಇಷ್ಟು ದೂರ ಸಾಕು, ಇಲ್ಲೇ ನಿಲ್ಲಿಸಿ.' ಗಾಡಿ ತುಂಬಾ ಇದ್ದರೆ 'ಬೇರೆ ಕಡೆ ಹೋಗೋಣ' ಅನ್ನಿ. ಹೇಳಿದ ಹಾಗೆ ದೂರ ನಿಲ್ಲಿಸಿದ ಡ್ರೈವರ್‌ಗೆ ಟಿಪ್ಸ್ ಧಾರಾಳವಾಗಿ ಕೊಡಿ, ಯಾಕೆ ಕೊಟ್ಟಿರಿ ಅಂತಲೂ ತಿಳಿಸಿ.

ಪ್ರಶ್ನೆ: ಬಟ್ಟೆಯ ಬಣ್ಣ ಅಷ್ಟು ಮುಖ್ಯವಾ?

ಉತ್ತರ: ಕಣ್ಣಿಗೆ ಹೊಡೆಯುವ ಬಣ್ಣ ಬೇಡ, ಬಿಳಿ ಬೇಡ. ಕಾಕಿ, ಕಂದು, ಮಂಕು ಹಸಿರು ಸಾಕು. ಆಫ್ರಿಕಾದಲ್ಲಿ ರಕ್ತ ಹೀರುವ ಸೆಟ್ಸಿ ನೊಣ ಇರುವ ಕಡೆಗೆ ಹೋಗುವುದಾದರೆ ಗಾಢ ನೀಲಿ, ಕಪ್ಪು ಬಣ್ಣ ಹಾಕಲೇಬೇಡಿ. ಆ ನೊಣ ನೀಲಿಗೆ ಮುತ್ತಿಕೊಳ್ಳುತ್ತದೆ, ಅದನ್ನು ಹಿಡಿಯುವ ಬಲೆಗಳನ್ನೂ ನೀಲಿ, ಕಪ್ಪು ಬಟ್ಟೆಯಲ್ಲೇ ಮಾಡುತ್ತಾರೆ. ಬೆಳಗಿನ ತೆರೆದ ಜೀಪಿನಲ್ಲಿ ಚಳಿ ಕೊರೆಯುತ್ತದೆ, ಜಾಕೆಟ್ ಮರೆಯಬೇಡಿ.

ಪ್ರಶ್ನೆ: ಆನೆಯೊಂದು ಕಿವಿ ಅಗಲಿಸಿ ನಮ್ಮ ಜೀಪಿನತ್ತ ಓಡಿ ಬಂತು. ಎಲ್ಲರೂ ಕಿರುಚಿದೆವು. ಅದು ಅರ್ಧ ದಾರಿಯಲ್ಲೇ ನಿಂತಿತು. ಯಾಕೆ ಹಾಗೆ?

ಉತ್ತರ: ಅದು ಹೆದರಿಸಲು ಬಂದದ್ದು. ದೂರ ಹೋಗಿ ಅಂತ ಹೇಳುವ ಅದರ ರೀತಿ. ಅದಕ್ಕೂ ಮೊದಲೇ ಸೂಚನೆ ಕೊಟ್ಟಿರುತ್ತದೆ: ತಲೆ ಕೊಡವುತ್ತದೆ, ಕಾಲಿನಿಂದ ಮಣ್ಣು ಕೆದರುತ್ತದೆ, ಒಂದು ಕಾಲನ್ನು ಎತ್ತಿ ತೂಗಾಡಿಸುತ್ತದೆ. ಆಗಲೇ ನಿಧಾನಕ್ಕೆ ಹಿಂದೆ ಸರಿಯಬೇಕು. ಕಿವಿಯನ್ನು ಹಿಂದಕ್ಕೆ ಒತ್ತಿ, ಸೊಂಡಿಲು ಸುರುಳಿ ಮಾಡಿ, ಸದ್ದಿಲ್ಲದೆ ಬಂದರೆ ಅಪಾಯ ಜಾಸ್ತಿ ಅನ್ನುತ್ತಾರೆ, ಆದರೆ ಅಷ್ಟು ಹೊತ್ತು ಕಾದು ನೋಡೋದು ಯಾಕೆ? ಕಣ್ಣು ಮತ್ತು ಕಿವಿಯ ನಡುವಿನಿಂದ ಕಪ್ಪಗೆ ದ್ರವ ಇಳಿಯುತ್ತಿರುವ ಗಂಡಾನೆ ಮದದಲ್ಲಿರುತ್ತದೆ, ಅದರ ದಾರಿಗೆ ಹೋಗಲೇಬಾರದು. ತಾಯಿ ಮತ್ತು ಮರಿಯ ನಡುವೆ ಗಾಡಿ ನಿಲ್ಲಿಸೋದಂತೂ ಬೇಡವೇ ಬೇಡ. ಕಿರುಚಬೇಡಿ, ಎದ್ದು ನಿಲ್ಲಬೇಡಿ, ಫ್ಲ್ಯಾಶ್ ಹಾಕಬೇಡಿ.

ಪ್ರಶ್ನೆ: ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ನಾವೇ ಕಾರು ಓಡಿಸಿಕೊಂಡು ಹೋಗಬಹುದಂತೆ. ಧೈರ್ಯ ಮಾಡಬಹುದಾ?

ಉತ್ತರ: ಮಾಡಿ. ಸುಮಾರು 19,500 ಚದರ ಕಿಲೋಮೀಟರ್‌ನ ಕಾಡು, ನಿಮ್ಮ ಹೊತ್ತು ನಿಮ್ಮ ಕೈಯಲ್ಲಿ. ಒಂದು ಹಕ್ಕಿಯ ಮುಂದೆ ಅರ್ಧ ಗಂಟೆ ನಿಂತರೂ ಕೇಳುವವರಿಲ್ಲ. ಟಾರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ರಸ್ತೆಯಲ್ಲಿ 40. ಪ್ರಾಣಿ ಕಾಣಬೇಕಾದರೆ ಅದರ ಅರ್ಧ ವೇಗವೇ ಜಾಸ್ತಿ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಹಾಗಾಗಿ ಹೊರಡುವ ಮೊದಲೇ ಮಕ್ಕಳನ್ನು ಬಾತ್‌ರೂಮಿಗೆ ಕಳಿಸಿಬಿಡಿ. ಕ್ಯಾಂಪಿನ ಗೇಟು ಸಂಜೆ ಮುಚ್ಚುತ್ತದೆ, ಸಮಯ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಖಡ್ಗಮೃಗ ಕಂಡರೆ ಅದು ಎಲ್ಲಿತ್ತು ಅಂತ ಫೋಟೋ ಜೊತೆ ಹಾಕಬೇಡಿ, ಕೊಂಬಿನ ಕಳ್ಳರೂ ಅದನ್ನೇ ಹುಡುಕುತ್ತಿರುತ್ತಾರೆ. ಕಾರಿನಲ್ಲಿ ಒಬ್ಬರಿಗೊಂದರಂತೆ ಬೈನಾಕ್ಯುಲರ್ ಇರಲಿ. 8x42 ಅಂತ ಬರೆದಿರುವುದು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು) ಹಿಡಿಯಲು ಹಗುರ, ನಸುಕಿನ ಬೆಳಕಿಗೂ ಸಾಕಾಗುತ್ತದೆ. ಒಂದನ್ನೇ ಹಂಚಿಕೊಂಡರೆ ನಿಮ್ಮ ಸರದಿ ಬರುವಷ್ಟರಲ್ಲಿ ಚಿರತೆ ಮರ ಇಳಿದು ಹೋಗಿರುತ್ತದೆ.