ಕಲಿಯುತ್ತಿರುವುದು ಮಗುವೋ, ಟ್ಯಾಬೋ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟ್ಯಾಬ್, ಮೊಬೈಲ್, ಆ್ಯಪ್ ಬಗ್ಗೆಯೇ. ಕೆಲವರಿಗೆ ಭಯ, ಕೆಲವರಿಗೆ ಭಾರಿ ನಂಬಿಕೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದೊಂದು ಪ್ರಶ್ನೆ ಮಾಡಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಏಳನೇ ತರಗತಿ. ದಿನಾ ಸಂಜೆ ಟ್ಯಾಬ್‌ನಲ್ಲಿ ಗಣಿತ, ವಿಜ್ಞಾನದ ವಿಡಿಯೊ ನೋಡುತ್ತಾನೆ. ಆಟ ಆಡುವುದಿಲ್ಲ, ನಿಜವಾಗಿಯೂ ಕೂತು ನೋಡುತ್ತಾನೆ. ಕೇಳಿದರೆ "ಎಲ್ಲಾ ಅರ್ಥ ಆಯ್ತಮ್ಮಾ" ಅಂತಾನೆ. ಪರೀಕ್ಷೆಯಲ್ಲಿ ಮಾತ್ರ ಬರೆಯೋಕೆ ಏನೂ ತೋಚುವುದಿಲ್ಲ. ಆ್ಯಪ್ ಬದಲಾಯಿಸಬೇಕಾ?

ಉತ್ತರ: ಬೇಡ. ಮಗ ಸುಳ್ಳನ್ನೂ ಹೇಳುತ್ತಿಲ್ಲ. ಅರ್ಥವಾಗಿದೆ ಅಂತ ಅವನಿಗೆ ನಿಜಕ್ಕೂ ಅನಿಸಿದೆ, ಒಳ್ಳೆಯ ವಿಡಿಯೊಗಳ ತೊಂದರೆಯೇ ಇದು. ಹೇಳುವವರು ಚೆನ್ನಾಗಿ ಹೇಳುತ್ತಾರೆ, ಚಿತ್ರಗಳು ಓಡುತ್ತವೆ, ಪ್ರತಿ ಹೆಜ್ಜೆಗೂ ತಲೆ "ಹೌದು, ಹೌದು" ಅನ್ನುತ್ತಾ ಹೋಗುತ್ತದೆ. ಆದರೆ ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸುವುದು ಒಂದು ಕೆಲಸ. ಅದನ್ನೇ ಖಾಲಿ ಹಾಳೆಯ ಮುಂದೆ ಕೂತು ನೆನಪಿನಿಂದ ಎತ್ತಿ ತರುವುದು ಬೇರೆಯೇ ಕೆಲಸ. ಪರೀಕ್ಷೆ ಕೇಳುವುದು ಎರಡನೆಯದನ್ನು, ಅವನು ದಿನಾ ಅಭ್ಯಾಸ ಮಾಡುತ್ತಿರುವುದು ಮೊದಲನೆಯದನ್ನು. ದಡದಲ್ಲಿ ನಿಂತು ನೋಡಿ ಈಜು ಕಲಿಯೋಕೆ ಆಗುತ್ತಾ?

2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಒಂದು ಗುಂಪಿನ ಕಾಲೇಜು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸುತ್ತು ಓದಿದರು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತು ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಬರೆದವರಿಗೆ ಸುಮಾರು 61 ಶೇಕಡಾ ನೆನಪಿತ್ತು, ಬರೀ ಓದಿದವರಿಗೆ 40 ಶೇಕಡಾ. ತಮಾಷೆ ಅಂದರೆ, ತಮಗೆ ಜಾಸ್ತಿ ನೆನಪಿರುತ್ತದೆ ಅಂತ ನಂಬಿಕೊಂಡಿದ್ದವರು ಬರೀ ಓದಿದವರೇ!

ಹಾಗಾಗಿ ವಿಡಿಯೊ ಇರಲಿ, ನೋಡುವ ರೀತಿ ಬದಲಾಗಲಿ. ಹತ್ತು ನಿಮಿಷ ನೋಡಿ ನಿಲ್ಲಿಸಿ, ಟ್ಯಾಬನ್ನು ಬೋರಲು ಮಲಗಿಸಿ, ಈಗ ಕೇಳಿದ್ದನ್ನು ಹಾಳೆಯ ಮೇಲೆ ಬರೆಯಲಿ. ಚಿತ್ರ ಬಿಡಿಸಿದರೂ ಸರಿ, ನಿಮಗೆ ಬಾಯಲ್ಲಿ ಹೇಳಿದರೂ ಸರಿ. ಎಲ್ಲಿ ತಡವರಿಸಿದನೋ ಆ ಭಾಗವನ್ನು ಮಾತ್ರ ಮತ್ತೆ ನೋಡಲಿ. ಮರುದಿನ ಹೊಸ ವಿಡಿಯೊ ತೆಗೆಯುವ ಮೊದಲು ನಿನ್ನೆಯದನ್ನು ಒಮ್ಮೆ ಬರೆಯಲಿ. ಗಣಿತವಾದರೆ, ಲೆಕ್ಕ ತೆರೆಯ ಮೇಲೆ ಬಂದ ತಕ್ಷಣ ನಿಲ್ಲಿಸಿ ತಾನೇ ಬಿಡಿಸಿ, ಆಮೇಲೆ ಮುಂದಕ್ಕೆ ಓಡಿಸಲಿ. ಶುರುವಿನಲ್ಲಿ ಗೊಣಗುತ್ತಾನೆ, ಯಾಕೆಂದರೆ ಇದು ಕಷ್ಟ, ಮತ್ತು ಮುಂಚಿನಷ್ಟು "ಅರ್ಥ ಆಯ್ತು" ಅನ್ನುವ ಖುಷಿ ಸಿಗುವುದಿಲ್ಲ. ಗೊಣಗಲಿ ಬಿಡಿ.

ನೆನಪಿಡಬೇಕಾದ ಸೂತ್ರ, ಪದ, ಇಸವಿಗಳಿಗೆ ಆ್ಯಂಕಿ ಎಂಬ ಆ್ಯಪ್ ಇದೆ. ಆ್ಯಂಡ್ರಾಯ್ಡ್‌ನಲ್ಲಿ ಉಚಿತ. ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಸರಿಯಾಗಿ ಹೇಳಿದ್ದು ದಿನಗಟ್ಟಲೆ ಬಿಟ್ಟು ಮತ್ತೆ ಬರುತ್ತದೆ, ತಪ್ಪಿದ್ದು ಬೇಗ ಬರುತ್ತದೆ. ನೋಡೋಕೆ ಏನೂ ಚಂದ ಇಲ್ಲ, ಗೊಂಬೆಯಿಲ್ಲ, ನಾಣ್ಯವಿಲ್ಲ, ಆದರೂ ಕೆಲಸ ಮಾಡುತ್ತದೆ. ಕಾರ್ಡುಗಳನ್ನು ಅವನೇ ಮಾಡಿಕೊಳ್ಳಲಿ, ಅರ್ಧ ಕಲಿಕೆ ಅಲ್ಲೇ ಆಗುತ್ತದೆ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ನಮ್ಮ ಶಾಲೆಗೆ ಟ್ಯಾಬ್‌ಗಳು ಬಂದಿವೆ, ಆದರೆ ಇಬ್ಬರಿಗೆ ಒಂದು. ನೆಟ್ ಸರಿಯಾಗಿ ಸಿಗುವುದಿಲ್ಲ. ಹಂಚಿದ ಕೂಡಲೇ ಗಲಾಟೆ. ಏನು ಮಾಡಿಸಲಿ?

ಉತ್ತರ: ಇಬ್ಬರಿಗೆ ಒಂದು ಅನ್ನುವುದನ್ನು ಕೊರತೆ ಅಂತ ನೋಡಬೇಡಿ ಮೇಡಂ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಎಲ್ಲರ ತಲೆ ತಗ್ಗುತ್ತದೆ, ಮಾತು ನಿಲ್ಲುತ್ತದೆ. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರಿಗೆ "ಯಾಕೆ ಹಾಗೆ?" ಅಂತ ಕೇಳಲೇಬೇಕಾಗುತ್ತದೆ. ಆ ಗಲಾಟೆಯಲ್ಲಿ ಒಂದಿಷ್ಟು ನಿಮಗೆ ಬೇಕಾದ ಗಲಾಟೆಯೇ.

ಬರೀ ಹಂಚುವುದರಿಂದ ಏನೂ ಆಗುವುದಿಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿಯಿದೆ. ಪೆರು ದೇಶ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿತು. 2012ರಲ್ಲಿ ಬಂದ ಅಧ್ಯಯನದ ಪ್ರಕಾರ, 15 ತಿಂಗಳಾದರೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕ ಏರಿರಲಿಲ್ಲ. ಯಂತ್ರ ಬಂದಿತ್ತು, ಪಾಠ ಮಾಡುವ ರೀತಿ ಬದಲಾಗಿರಲಿಲ್ಲ.

ಟ್ಯಾಬ್ ಹೊರಗೆ ತೆಗೆಯಬೇಕಾದ್ದು ಕರಿಹಲಗೆಯಿಂದ ಆಗದ ಕೆಲಸಕ್ಕೆ ಮಾತ್ರ. ಅಂಥವು ಕಡಿಮೆ, ಆದರೆ ಇವೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಅನ್ನುವ ಸಿಮ್ಯುಲೇಶನ್‌ಗಳನ್ನು, ಅಂದರೆ ತೆರೆಯ ಮೇಲೆ ಮಾಡುವ ಪ್ರಯೋಗಗಳನ್ನು ನೋಡಿ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಮಕ್ಕಳು ಬ್ಯಾಟರಿ, ಬಲ್ಬು, ತಂತಿ ಎಳೆದು ಜೋಡಿಸಬಹುದು, ತಂತಿಯೊಳಗೆ ಎಲೆಕ್ಟ್ರಾನ್ ಓಡುವುದು ಕಾಣುತ್ತದೆ. ನಿಜವಾದ ಬಲ್ಬಿನಲ್ಲಿ ಅದು ಕಾಣುವುದಿಲ್ಲ ಅಲ್ವಾ? ರೇಖಾಗಣಿತಕ್ಕೆ ಜಿಯೋಜಿಬ್ರಾ ಎಂಬ ಆ್ಯಪ್ ಇದೆ. ತ್ರಿಭುಜದ ಮೂಲೆ ಹಿಡಿದು ಎಳೆದಾಡಿದರೂ ಒಳಕೋನಗಳ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಮಗು ತನ್ನ ಬೆರಳಲ್ಲೇ ಕಂಡುಕೊಳ್ಳುತ್ತದೆ. ಎರಡನ್ನೂ ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಬೇಡ. ಪಾಠದ ವಿಡಿಯೊ, ಅಭ್ಯಾಸಗಳಿಗೆ ಕೋಲಿಬ್ರಿ ಎಂಬ ಉಚಿತ ತಂತ್ರಾಂಶವಿದೆ. ಒಂದು ಕಂಪ್ಯೂಟರಿನಲ್ಲಿ ಎಲ್ಲ ತುಂಬಿಸಿಟ್ಟು, ಶಾಲೆಯೊಳಗಿನ ವೈಫೈ ಮೂಲಕ ಟ್ಯಾಬ್‌ಗಳಿಗೆ ಕೊಡಬಹುದು, ಹೊರಗಿನ ಇಂಟರ್ನೆಟ್ ಬೇಕೇ ಇಲ್ಲ.

ಹಂಚುವ ಮೊದಲು ಪ್ರಶ್ನೆ ಬೋರ್ಡಿನ ಮೇಲಿರಲಿ. "ಎರಡು ಬಲ್ಬನ್ನು ಹೇಗೆ ಜೋಡಿಸಿದರೆ ಬೆಳಕು ಕಮ್ಮಿಯಾಗುತ್ತದೆ? ಮೊದಲು ಊಹೆ ಬರೆಯಿರಿ, ಆಮೇಲೆ ಮಾಡಿ ನೋಡಿ." ಊಹೆ ಬರೆದ ಜೋಡಿಗೆ ಮಾತ್ರ ಟ್ಯಾಬ್. ಈ ಒಂದು ನಿಯಮಕ್ಕೆ ಗಲಾಟೆ ಎಷ್ಟು ತಗ್ಗುತ್ತದೆ ನೋಡಿ. ನೀವು ಮಾತಾಡುವಾಗ ತೆರೆಗಳೆಲ್ಲ ಬೋರಲು. ಹದಿನೈದು ನಿಮಿಷ ಆದಮೇಲೆ ವಾಪಸ್ ಪಡೆಯಿರಿ.

ಪ್ರಶ್ನೆ: ಪಿಯುಸಿ ಓದುತ್ತಿದ್ದೇನೆ. ನೋಟ್ಸ್ ಟ್ಯಾಬ್‌ನಲ್ಲಿ ಟೈಪ್ ಮಾಡಲಾ, ಕೈಯಲ್ಲಿ ಬರೆಯಲಾ? ಪುಸ್ತಕವನ್ನು ಪಿಡಿಎಫ್‌ನಲ್ಲಿ ಓದಿದರೆ ನಷ್ಟವೇ?

ಉತ್ತರ: ಕೈಬರಹವೇ ಮೇಲು ಅಂತ 2014ರ ಒಂದು ಅಧ್ಯಯನ ಬಹಳ ಹೆಸರು ಮಾಡಿತು. ಟೈಪ್ ಮಾಡುವವರು ಕೇಳಿದ್ದನ್ನೆಲ್ಲ ಹಾಗೇ ಇಳಿಸುತ್ತಾರೆ, ಬರೆಯುವವರು ಆಯ್ದು ತಮ್ಮ ಮಾತಲ್ಲಿ ಬರೆಯುತ್ತಾರೆ ಅನ್ನುವುದು ಅದರ ವಾದ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ನಿಮ್ಮ ಮಾತಲ್ಲಿ ಬರೆಯುತ್ತೀರಾ ಅನ್ನುವುದಷ್ಟೇ ಮುಖ್ಯ. ಚಿತ್ರ, ಸಮೀಕರಣ ಜಾಸ್ತಿ ಇರುವ ವಿಷಯಕ್ಕೆ ಕೈಯೇ ಸಲೀಸು, ಹಾಳೆಯಾದರೂ ಸರಿ, ಟ್ಯಾಬ್ ಮೇಲೆ ಪೆನ್ನಾದರೂ ಸರಿ.

ಓದುವ ವಿಷಯಕ್ಕೆ ಬಂದರೆ ಕಾಗದಕ್ಕೆ ಸ್ವಲ್ಪ ಮೇಲುಗೈ ಇದೆ. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಮಾಹಿತಿ ತುಂಬಿದ ಬರಹ ಮತ್ತು ಸಮಯದ ಒತ್ತಡ ಇರುವಾಗ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಕಥೆಗೆ ಆ ವ್ಯತ್ಯಾಸ ಕಾಣಲಿಲ್ಲ. ಪಠ್ಯಪುಸ್ತಕ ಕಾಗದದಲ್ಲಿ, ಕಾದಂಬರಿ ಬೇಕಾದ ಕಡೆ.

ಪ್ರಶ್ನೆ: ಮಗಳು ಹೋಮ್‌ವರ್ಕ್ ಪ್ರಶ್ನೆಗಳನ್ನೆಲ್ಲ ಎಐ ಆ್ಯಪ್‌ಗೆ ಕೇಳುತ್ತಾಳೆ. "ನೀವು ಟ್ಯೂಷನ್‌ಗೆ ಕಳಿಸುವ ಬದಲು ಇದು" ಅಂತ ವಾದ. ಬಿಡಲಾ?

ಉತ್ತರ: ಅವಳ ವಾದದಲ್ಲಿ ಅರ್ಧ ಸತ್ಯ ಇದೆ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಗಣಿತದ ಪ್ರಯೋಗ ನಡೆಯಿತು, 2024ರಲ್ಲಿ ಅದರ ವರದಿ ಬಂತು. ಸಾದಾ ಎಐ ಚಾಟ್ ಇದ್ದ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ 48 ಶೇಕಡಾ ಹೆಚ್ಚು ಅಂಕ ಗಳಿಸಿದರು. ಎಐ ಕಿತ್ತುಕೊಂಡು ಪರೀಕ್ಷೆ ಮಾಡಿದಾಗ, ಅದನ್ನು ಮುಟ್ಟದೇ ಇದ್ದವರಿಗಿಂತ 17 ಶೇಕಡಾ ಹಿಂದೆ ಬಿದ್ದರು! ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಮಾಡಿದ ಎಐ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲೇ ಇಲ್ಲ.

ಬಿಡಿ, ಆದರೆ ಕ್ರಮ ಹೀಗಿರಲಿ: ಮೊದಲು ತಾನೇ ಬಿಡಿಸಬೇಕು, ಸಿಕ್ಕಿಹಾಕಿಕೊಂಡ ಜಾಗವನ್ನು ತೋರಿಸಿ "ಉತ್ತರ ಹೇಳಬೇಡ, ಎಲ್ಲಿ ತಪ್ಪಿದ್ದೇನೆ ಅಂತ ಮಾತ್ರ ಹೇಳು" ಅಂತ ಕೇಳಬೇಕು. ಹೇಳಿದ್ದನ್ನು ಪುಸ್ತಕದ ಜೊತೆ ತಾಳೆ ನೋಡಬೇಕು, ಯಾಕೆಂದರೆ ಎಐ ತಪ್ಪನ್ನೂ ಅದೇ ಧೈರ್ಯದಿಂದ ಹೇಳುತ್ತದೆ.

ಪ್ರಶ್ನೆ: ಮೂರು ವರ್ಷದ ಮಗುವಿಗೆ ಅಕ್ಷರ ಕಲಿಸುವ ಆ್ಯಪ್ ಯಾವುದು ಒಳ್ಳೆಯದು?

ಉತ್ತರ: ನಿಮ್ಮ ತೊಡೆ. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ತೆರೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ್ಯಪ್ ಬೇಕೇ ಬೇಕು ಅಂದರೆ ಜೊತೆಗೆ ಕೂತು, ಮಾತಾಡುತ್ತಾ ಆಡಿಸಿ.

ಪ್ರಶ್ನೆ: "ಉಚಿತ ಕಲಿಕಾ ಆ್ಯಪ್" ಅಂತ ಹಾಕಿಸಿದೆ. ಎರಡು ಪ್ರಶ್ನೆಗೊಂದು ಜಾಹೀರಾತು. ಮಗ ಅಲ್ಲಿಂದ ಇನ್ನೆಲ್ಲಿಗೋ ಹೋಗಿಬಿಡುತ್ತಾನೆ. ತಡೆಯೋದು ಹೇಗೆ?

ಉತ್ತರ: ಮೊದಲು ಆ ಆ್ಯಪ್ ತೆಗೆದುಹಾಕಿ. ಜಾಹೀರಾತಿನಿಂದ ಬದುಕುವ ಆ್ಯಪ್‌ಗೆ ಬೇಕಾದ್ದು ಮಗು ಹೆಚ್ಚು ಹೊತ್ತು ಕೂರುವುದು, ಬೇಗ ಕಲಿತು ಎದ್ದು ಹೋಗುವುದಲ್ಲ. ಮತ್ತೊಂದು ಹಾಕಿಸುವ ಮೊದಲು ನೀವೇ ಆಡಿ ನೋಡಿ. ಬೇಕೆಂತಲೇ ತಪ್ಪು ಉತ್ತರ ಒತ್ತಿ. ಯಾಕೆ ತಪ್ಪು ಅಂತ ಹೇಳಿದರೆ ಇಟ್ಟುಕೊಳ್ಳಿ. ಸುಮ್ನೆ ಟಿಂಗ್ ಅಂತ ಶಬ್ದ ಮಾಡಿ, ಒತ್ತುತ್ತಾ ಹೋದರೆ ಯಾವಾಗಲೋ ಸರಿ ಆಗುವಂತಿದ್ದರೆ ಬೇಡ. ಮೈಕ್, ಕಾಂಟ್ಯಾಕ್ಟ್ಸ್, ಲೊಕೇಶನ್ ಎಲ್ಲ ಕೇಳುವ ಗಣಿತದ ಆ್ಯಪ್ ಇದ್ದರೆ, ಕೂಡಿಸುವ ಲೆಕ್ಕಕ್ಕೆ ನೀವೆಲ್ಲಿದ್ದೀರಿ ಅನ್ನುವುದು ಯಾಕೆ ಬೇಕು ಅಂತ ಯೋಚಿಸಿ.

ಆಚೀಚೆ ಹೋಗದಂತೆ ಮಾಡಲು ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್, ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಅಂತ ಸೆಟ್ಟಿಂಗ್ಸ್‌ನಲ್ಲೇ ಇದೆ. ತೆರೆದ ಆ್ಯಪ್ ಬಿಟ್ಟು ಹೊರಬರಲು ಪಾಸ್‌ವರ್ಡ್ ಕೇಳುವ ಹಾಗೆ ಮಾಡಬಹುದು. ಹೊತ್ತಿನ ಮಿತಿಗೆ ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಸಾಕು. ಪಾಸ್‌ವರ್ಡ್ ಮಾತ್ರ ನಿಮ್ಮ ಹುಟ್ಟಿದ ದಿನ ಬೇಡ, ಮಕ್ಕಳು ಮೊದಲು ಹಾಕಿ ನೋಡುವುದೇ ಅದನ್ನು.

ಪ್ರಶ್ನೆ: ಯಾವ ಟ್ಯಾಬ್ ಕೊಳ್ಳಲಿ?

ಉತ್ತರ: ಕಂಪನಿ ಹೆಸರು ಹೇಳುವುದಿಲ್ಲ. ಹತ್ತು ಇಂಚಿನ ಆಸುಪಾಸಿನ ತೆರೆ ಇರಲಿ, ಪಠ್ಯಪುಸ್ತಕದ ಪುಟ ಅದರಲ್ಲಿ ಹಿಗ್ಗಿಸದೆ ಓದಲು ಬರುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಬರುತ್ತದೆ ಅಂತ ಕೇಳಿ. ಅಗ್ಗದ ಹಳೆ ಮಾಡೆಲ್‌ಗಳು ಸೋಲುವುದು ಅಲ್ಲೇ. ಸಿಮ್ ಇಲ್ಲದ, ವೈಫೈ ಮಾತ್ರ ಇರುವುದು ಮಕ್ಕಳಿಗೆ ಸಾಕು. ಮನೆಯಲ್ಲಿ ಈಗಾಗಲೇ ಒಂದು ಲ್ಯಾಪ್‌ಟಾಪ್ ಇದ್ದರೆ ಕೊಳ್ಳುವ ಮೊದಲು ಅದನ್ನೇ ಒಂದು ತಿಂಗಳು ಬಳಸಿ ನೋಡಿ, ಟ್ಯಾಬ್ ಬೇಕಾ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ.